ಸ್ತೋತ್ರದ ಪಟ್ಟಿಯಲ್ಲಿ ನನ್ನ ಹೆಸರು

ನನಗೆ ಪೂರ್ತಿ ಗುಣವಾಯಿತೆಂದು ಸಭೆಯಲ್ಲಿ ಓದಿ, ಎಲ್ಲರೂ ಎದ್ದು ನಿಂತು ದೇವರಿಗೆ ಸ್ತೋತ್ರ ಸಲ್ಲಿಸಿದ ಭಾನುವಾರ ನಾನು ಮನೆಯಲ್ಲಿ ಹಲಗೆಯ ಮೇಲೆ ಅಂಗಾತ ಮಲಗಿದ್ದೆ. ಗುಳಿಗೆ ಬಿಟ್ಟು ಒಂಬತ್ತು ದಿನವಾಗಿತ್ತು. ಬಿಟ್ಟ ಸಂಗತಿ ನನಗೊಬ್ಬಳಿಗೇ ಗೊತ್ತಿತ್ತು.

ಆ ತಪ್ಪು ಹೇಗಾಯಿತೆಂದು ಮೊದಲೇ ಹೇಳಿಬಿಡುತ್ತೇನೆ. ಬೆಟಗೇರಿಯ ನಮ್ಮ ಚರ್ಚಿನ ಸಭೆಯಲ್ಲಿ ಆರಾಧನೆಯ ನಡುವೆ ಎರಡು ಪಟ್ಟಿ ಓದುವ ವಾಡಿಕೆಯಿದೆ. ಮೊದಲನೆಯದು ವಿನಂತಿಯ ಪಟ್ಟಿ. ಯಾರಿಗೆ ಜಡ್ಡು, ಯಾರಿಗೆ ಆಪರೇಷನ್, ಯಾರ ಮಗಳಿಗೆ ಪರೀಕ್ಷೆ ಎಂದು ಹೆಸರು ಹೇಳಿ ಪ್ರಾರ್ಥಿಸುತ್ತಾರೆ. ಎರಡನೆಯದು ಸ್ತೋತ್ರದ ಪಟ್ಟಿ. ಯಾರ ಮೊರೆಯನ್ನು ದೇವರು ಕೇಳಿದನೋ ಅವರ ಪರವಾಗಿ ವಂದನೆ ಹೇಳುವುದು. ಎರಡನ್ನೂ ಬರೆಯುವವನು ಸಭೆಯ ಕಾರ್ಯದರ್ಶಿ ದಾನಪ್ಪ. ನಮ್ಮಲ್ಲಿ ಸುವರ್ಣಾ ಎಂಬುವರು ಇಬ್ಬರಿದ್ದೇವೆ. ಟೀಚರ್ ಸುವರ್ಣಾ ಪಿತ್ತಕೋಶದ ಹರಳು ತೆಗೆಸಿಕೊಂಡು ಆರಾಮಾಗಿ ಮನೆಗೆ ಬಂದಿದ್ದರು. ಮಗ್ಗದ ಸುವರ್ಣಾ ಎಂದರೆ ನಾನು. ದಾನಪ್ಪ ಟೀಚರನ್ನು ವಿನಂತಿಯಲ್ಲೇ ಉಳಿಸಿ ನನ್ನನ್ನು ಸ್ತೋತ್ರಕ್ಕೆ ಹತ್ತಿಸಿದ. ಮನುಷ್ಯ ಮೋಸಗಾರನಲ್ಲ, ಕನ್ನಡಕ ಮರೆತು ಬಂದಿದ್ದ ಅಷ್ಟೆ.

ನಮ್ಮದು ಎರಡು ಮಗ್ಗದ ಮನೆ. ಒಂದರಲ್ಲಿ ನನ್ನ ಗಂಡ ಪ್ರಭಾಕರ ನೇಯುತ್ತಾರೆ, ಇನ್ನೊಂದು ನನ್ನದು. ಎರಡೂ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಸೊಂಟ ಬಗ್ಗಿಸಿ, ದಿನವಿಡೀ ಲಾಳಿ ಒಗೆಯುತ್ತ ಕೂರಬೇಕು. ಹಾಗೆ ಇಪ್ಪತ್ತೈದು ವರ್ಷ ಕುಳಿತವಳಿಗೆ ಬೆನ್ನು ನೋಯದಿದ್ದರೆ ಅದೇ ಆಶ್ಚರ್ಯ. ಹೀಗಾಗಿ ನೋವು ಶುರುವಾದಾಗ ಓಣಿಯಲ್ಲಿ ಯಾರೂ ಹೌಹಾರಲಿಲ್ಲ. ನಾನಂತೂ ಮೊದಲೇ ಮೊಂಡಿ. ಮುಲಾಮು ತಿಕ್ಕಿಸಿಕೊಂಡೆ, ಬಿಸಿ ಉಸುಕಿನ ಗಂಟು ಇಡಿಸಿಕೊಂಡೆ, ನೇಯ್ದೆ. ಸಂಜೆಯಾದರೆ ಸಣ್ಣಗೆ ಜ್ವರ ಬರುತ್ತಿತ್ತು. ಕುಪ್ಪಸ ಸಡಿಲಾಯಿತು. ಕೊನೆಗೊಂದು ದಿನ ಕುಣಿಯಿಂದ ಮೇಲೇಳಲು ಹೋದರೆ ಕಾಲು ನನ್ನ ಮಾತು ಕೇಳಲಿಲ್ಲ. ಪ್ರಭಾಕರ ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಮದುವೆಯಾದಾಗಿನಿಂದ ಅವರು ನನ್ನನ್ನು ಎತ್ತಿದ್ದು ಅದೇ ಮೊದಲು. ಅದನ್ನೇ ಹೇಳಿ ನಗಿಸಲು ನೋಡಿದೆ. ಅವರು ನಗಲಿಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ಬೆನ್ನಿನ ಎಕ್ಸ್‌ರೇ ಫೋಟೋ ತೆಗೆದರು, ಹುಬ್ಬಳ್ಳಿಗೆ ಕಳಿಸಿದರು, ಮತ್ತೆ ಕರೆಸಿದರು. ಆ ದಿನಗಳಲ್ಲಿ ನಾನು ಕಲಿತದ್ದೆಂದರೆ ಕಾಯುವುದು. ಆಸ್ಪತ್ರೆಯ ಮರದ ಬಾಕಿನ ಮೇಲೆ ಕೂರಲು ಆಗುವುದಿಲ್ಲ, ನಿಲ್ಲಲು ಆಗುವುದಿಲ್ಲ, ಮಲಗಲು ಜಾಗವಿಲ್ಲ. ಗೋಡೆಗೆ ಒರಗಿ ಹಲ್ಲು ಕಚ್ಚುತ್ತಿದ್ದಾಗ ಪಕ್ಕದಲ್ಲಿದ್ದ ಒಬ್ಬ ಹೆಂಗಸು ತನ್ನ ಶಾಲನ್ನು ನಾಲ್ಕು ಮಡಿಕೆ ಮಾಡಿ ಬಾಕಿನ ಮೇಲೆ ಹಾಸಿದಳು.

"ಕುಂಡ್ರಿ ಅಕ್ಕಾ. ಗ್ವಾಡಿಗೆ ಬೆನ್ನ ಹಚ್ಚಬ್ಯಾಡ್ರಿ, ಇನ್ನೂ ಹೆಚ್ಚಾಕ್ಕೈತಿ. ನಮ್ಮವರದೂ ಹಿಂಗ ಇತ್ತು."

ಅವಳು ಶಿಗ್ಲಿಯ ಬೀಬಿಜಾನ್. ಗಂಡ ಬಡಿಗ, ಪಕ್ಕದಲ್ಲೇ ಚೀಟಿ ಹಿಡಿದು ಕುಳಿತಿದ್ದ. ನನಗಿನ್ನೂ ರೋಗದ ಹೆಸರೇ ಗೊತ್ತಿರಲಿಲ್ಲ. ಅವಳು ನನ್ನ ನಡಿಗೆ ನೋಡಿಯೇ ಹೇಳಿದಳು, "ಬೆನ್ನಿನ ಟಿ.ಬಿ. ಇರಬೇಕ್ರಿ. ಅಂಜಬ್ಯಾಡ್ರಿ, ಗುಳಿಗಿ ಅದಾವ. ಖರೆ, ನಡುವ ಬಿಡಬಾರದು."

ಒಂದು ಗಂಟೆಯ ನಂತರ ಡಾಕ್ಟರು ಅದನ್ನೇ ಹೇಳಿದರು. ಬೆನ್ನೆಲುಬಿಗೂ ಕ್ಷಯ ಬರುತ್ತದೆಂದು ನಾನು ಕೇಳಿರಲಿಲ್ಲ. ಒಂದೂವರೆ ವರ್ಷ ಗುಳಿಗೆ, ಮೂರು ತಿಂಗಳು ಹಲಗೆ, ಆಮೇಲೆ ಸೊಂಟಕ್ಕೆ ಬಿಗಿಯುವ ಪಟ್ಟಿ. ನಿಲ್ಲಿಸಿದರೆ ಕಾಲು ಶಾಶ್ವತವಾಗಿ ಹೋಗಬಹುದು ಎಂದರು. ಇದು ಎದೆಯ ಕ್ಷಯದಂತೆ ಒಬ್ಬರಿಂದ ಒಬ್ಬರಿಗೆ ಹತ್ತುವುದಿಲ್ಲ ಎಂದೂ ಹೇಳಿದರು. ಕ್ಷಯ ಎಂಬ ಮಾತನ್ನು ಊರೆಲ್ಲ ಕೇಳಿಸಿಕೊಂಡಿತು. ಹತ್ತುವುದಿಲ್ಲ ಎಂಬುದು ಯಾರ ಕಿವಿಗೂ ಬೀಳಲಿಲ್ಲ.

ನನ್ನ ಮಗ್ಗದ ಕುಣಿಯ ಅಂಚಿಗೇ ಹಲಗೆ ಹಾಕಿದರು, ಬೆಳಕು ಅಲ್ಲೇ ಚೆನ್ನಾಗಿ ಬೀಳುತ್ತಿತ್ತು. ಎಂಟು ಗಂಟೆಗೆ ಪ್ರಭಾಕರ ಗುಳಿಗೆ ನೀರು ಕೊಟ್ಟು ತಮ್ಮ ಮಗ್ಗಕ್ಕೆ ಇಳಿಯುತ್ತಿದ್ದರು. ನುಂಗಿದ ಅರ್ಧ ಗಂಟೆಗೆ ಹೊಟ್ಟೆ ತೊಳೆಸುತ್ತಿತ್ತು. ಮೂತ್ರ ಕಿತ್ತಳೆ ಬಣ್ಣ, ಬಾಯಿ ಕಹಿ, ಕೀಲುಗಳೆಲ್ಲ ಬೇರೆಯವರವು. ಮೊದಲ ತಿಂಗಳು ದೇವರಿಗೆ ಚೆನ್ನಾಗಿಯೇ ಪ್ರಾರ್ಥಿಸಿದೆ. ಎರಡನೆಯ ತಿಂಗಳು ಬಾಯಿಪಾಠ ಒಪ್ಪಿಸಿದೆ. ಆಮೇಲೆ ಅದೂ ನಿಂತಿತು. ಮಾಳಿಗೆಯ ಜಂತಿ ಎಣಿಸುತ್ತ ಮಲಗಿದರೆ, ಆ ಜಂತಿಯಿಂದ ಮೇಲಕ್ಕೆ ನನ್ನ ಮಾತು ಹೋಗುತ್ತದೆಂಬ ನಂಬಿಕೆ ಹೊರಟುಹೋಯಿತು.

ಹಾಸಿಗೆ ಹಿಡಿದವರಿಗೆ ಊರೆಲ್ಲ ವೈದ್ಯರು. ಪ್ರಭಾಕರನ ಅಕ್ಕ, ಮುಂಡರಗಿಯ ಎಸ್ತೇರಕ್ಕ, ಪ್ರಾರ್ಥನೆ ಮಾಡಿದ ಎಣ್ಣೆ ಹಿಡಿದುಕೊಂಡು ಬಂದರು. ಎಣ್ಣೆ ಹಚ್ಚಿದ್ದಕ್ಕೆ ನನಗೆ ಬೇಸರವಿಲ್ಲ, ಕೈ ಮೆತ್ತಗಿತ್ತು. ಆದರೆ ಹೊರಡುವಾಗ ಹೇಳಿದರು, "ನಿನ್ನ ವಿಶ್ವಾಸದಾಗ ಏನೋ ಕಮ್ಮಿ ಐತಿ ಸುವರ್ಣಾ. ಇಲ್ಲಾಂದ್ರ ಇಷ್ಟ ದಿನ ಹಿಡೀತಿರಲಿಲ್ಲ." ಅದೇ ಎಸ್ತೇರಕ್ಕ ನನ್ನ ಚಹದ ಕಪ್ಪನ್ನು ಬೇರೆ ಇಡಲು ಹೇಳಿ ಹೋದರು. ದೇವರ ಮೇಲಿನ ವಿಶ್ವಾಸ ನನಗೆ ಕಡಿಮೆ, ಡಾಕ್ಟರ ಮೇಲಿನದು ಅವರಿಗೆ ಕಡಿಮೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಇವೆಲ್ಲವನ್ನೂ ತಡೆದುಕೊಳ್ಳುತ್ತಿದ್ದೆನೇನೋ. ನನ್ನನ್ನು ಮುರಿದದ್ದು ಶಿರಹಟ್ಟಿಯಿಂದ ಬಂದ ಫೋನು. ನಮ್ಮ ಒಬ್ಬಳೇ ಮಗಳು ಶೀಲಾ ಅಲ್ಲಿಗೆ ಸೊಸೆಯಾಗಿ ಹೋದವಳು, ಹೆಣ್ಣು ಹಡೆದು ಒಂದು ತಿಂಗಳಾಗಿತ್ತು. ಮೊದಲ ಬಾಣಂತನ ತವರಿನಲ್ಲಾಗಬೇಕು, ನಾನು ಮಲಗಿದ್ದರಿಂದ ಅಲ್ಲೇ ಆಯಿತು. ಕೂಸನ್ನಾದರೂ ಒಮ್ಮೆ ತೋರಿಸಿಕೊಂಡು ಹೋಗು ಎಂದೆ.

"ಅವ್ವಾ, ಅತ್ತಿಯವರು ಬ್ಯಾಡ ಅನ್ನಾಕತ್ತಾರ. ಎಳಿ ಕೂಸು, ನಿನ್ನ ಗಾಳಿ ಬ್ಯಾಡ ಅಂತ."

"ನೀ ಏನಂದಿ?"

"ನಾ ಏನ ಅನ್ನಲಿ ಅವ್ವಾ."

ಅವಳನ್ನು ಬೈಯಲಿಲ್ಲ. ಮರುದಿನ ಎಂಟು ಗಂಟೆಗೆ ಪ್ರಭಾಕರ ಗುಳಿಗೆ ಕೊಟ್ಟು ಬೆನ್ನು ತಿರುಗಿಸಿದರು. ನಾನು ಕೈ ಚಾಚಿ ಗುಳಿಗೆಗಳನ್ನು ನನ್ನ ಮಗ್ಗದ ಕುಣಿಯೊಳಗೆ ಬಿಟ್ಟೆ. ಟಪ್ ಎಂದು ಸಣ್ಣ ಸದ್ದಾಯಿತು. ಲಾಳಿಯ ಸದ್ದಿನಲ್ಲಿ ಅವರಿಗೆ ಅದು ಕೇಳಲಿಲ್ಲ. ಸಾಯಬೇಕೆಂದು ಹಾಗೆ ಮಾಡಲಿಲ್ಲ. ಬದುಕುವುದು ಯಾರಿಗೆ ಬೇಕಾಗಿದೆ ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ, ಅಷ್ಟೇ. ಹೀಗೆ ಒಂಬತ್ತು ದಿನ ಕಳೆಯಿತು. ಹೊಟ್ಟೆ ತೊಳೆಸುವುದು ನಿಂತು ನಾಲಿಗೆಗೆ ರುಚಿ ಬಂದಿತ್ತು, ಅದರಿಂದ ಮನೆಯವರಿಗೆ ನಾನು ಚೇತರಿಸಿಕೊಂಡಂತೆ ಕಂಡೆ.

ಆ ಭಾನುವಾರ ಪ್ರಭಾಕರ ಸಭೆಯಿಂದ ಓಡುತ್ತಲೇ ಬಂದರು. "ಸ್ತೋತ್ರದಾಗ ನಿನ್ನ ಹೆಸರ ಓದಿದ್ರು. ಪೂರ್ತಿ ಗುಣ ಅಂತ ಓದಿದ್ರು" ಎಂದರು.

"ಟೀಚರ್ ಸುವರ್ಣಾಂದು ಅದು. ದಾನಪ್ಪನ ಕಣ್ಣ ಹೋಗ್ಯಾವ."

"ನನಗೂ ಹಂಗ ಅನಿಸ್ತು" ಎಂದರು. ಆದರೆ ಅವರ ಮುಖದಲ್ಲಿ ಆಸೆ ಇತ್ತು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರಲ್ಲ, ಅಂಥ ಆಸೆ. ಮಧ್ಯಾಹ್ನದೊಳಗೆ ಖಬರು ಮುಂಡರಗಿಗೂ ಮುಟ್ಟಿತು. ಎಸ್ತೇರಕ್ಕನ ಫೋನು ಬಂತು.

"ಸಭಾದಾಗ ಸ್ತೋತ್ರ ಆತಂತಲ್ಲ. ಇನ್ನ ಗುಳಿಗಿ ನುಂಗಿದ್ರ ದೇವರ ಮ್ಯಾಲ ಅನುಮಾನ ಪಟ್ಟಂಗ. ಬಿಟ್ಟುಬಿಡು."

"ಅದು ತಪ್ಪಿ ಓದಿದ್ದು ಅಕ್ಕಾ."

"ದೇವರ ಕೆಲಸದಾಗ ತಪ್ಪು ಅನ್ನೂದು ಇರೂದಿಲ್ಲ."

ಇಲ್ಲಿ ನನ್ನ ಕಳ್ಳತನವನ್ನು ಒಪ್ಪಿಕೊಳ್ಳಬೇಕು. ಆ ಮಾತು ನನಗೆ ಹಿಡಿಸಿತು. ಅಲ್ಲಿಯವರೆಗೆ ನಾನು ಗುಳಿಗೆ ಕದ್ದು ಬಿಸಾಡುವ ಹೆಂಗಸಾಗಿದ್ದೆ. ಈಗ ಒಮ್ಮೆಲೇ ವಿಶ್ವಾಸಿಯಾಗಿಬಿಟ್ಟೆ. ಯಾರಿಗೆ ಗೊತ್ತು, ದೇವರೇ ದಾನಪ್ಪನ ಕನ್ನಡಕ ಮರೆಸಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಜಡ್ಡು ಬಿದ್ದವರ ಮನಸ್ಸು ಇಂಥ ವಕೀಲಿಕೆಯಲ್ಲಿ ಬಲು ಚುರುಕು. ಆ ವಾರವೂ ಎಂಟು ಗಂಟೆಯ ಗುಳಿಗೆಗಳು ಕುಣಿಗೇ ಬಿದ್ದವು. ಬುಧವಾರದಿಂದ ಎಡಗಾಲಿನ ಬೆರಳುಗಳಲ್ಲಿ ಇರುವೆ ಹರಿದಂತಾಯಿತು. ಶುಕ್ರವಾರ ಪ್ರಭಾಕರ ಪಾದ ಒರೆಸುತ್ತಿದ್ದರೆ ಬಟ್ಟೆ ತಾಗಿದ್ದು ತಿಳಿಯಲಿಲ್ಲ. ಹೆದರಿ ಬೆವರಿದೆ. ಆದರೂ ಹೇಳಲಿಲ್ಲ. ಹೇಳಿದರೆ ಕುಣಿಯಲ್ಲಿದ್ದದ್ದೆಲ್ಲ ಹೊರಗೆ ಬರುತ್ತಿತ್ತು.

ಶನಿವಾರ ಸಭಾಪಾಲಕರು, ನಮ್ಮ ಚರ್ಚಿನ ಪಾದ್ರಿಗಳು, ಮನೆಗೆ ಬಂದರು. ಸ್ತೋತ್ರ ಓದಿಸಿಕೊಂಡವರು ಮುಂದಿನ ಭಾನುವಾರ ಎದ್ದು ನಿಂತು ಸಾಕ್ಷಿ ಹೇಳಬೇಕು, ಅಂದರೆ ದೇವರು ತಮಗೆ ಮಾಡಿದ ಉಪಕಾರವನ್ನು ತಮ್ಮ ಬಾಯಿಂದಲೇ ಹೇಳಬೇಕು. ಅವರಿಗೂ ಪಟ್ಟಿಯ ಬಗ್ಗೆ ಅನುಮಾನವಿತ್ತು. "ಸುವರ್ಣಾ, ಖರೇನ ಆರಾಮ ಆಗೇತೇನು? ಇಲ್ಲಾಂದ್ರ ನಾನ ತಿದ್ದಿ ಹೇಳ್ತೀನಿ" ಎಂದು ಮೆಲ್ಲಗೆ ಕೇಳಿದರು. ಅಲ್ಲಿಗೆ ಮುಗಿಸಬಹುದಿತ್ತು. ನಾನು, "ಬರ್ತೀನ್ರಿ, ಹೇಳ್ತೀನಿ" ಎಂದುಬಿಟ್ಟೆ.

ಪ್ರಭಾಕರ ಸೊಂಟಕ್ಕೆ ಪಟ್ಟಿ ಬಿಗಿದು, ಆಟೋದಲ್ಲಿ ಒರಗಿಸಿ ಕರೆದುಕೊಂಡು ಹೋದರು. ಅಂದು ತಿಂಗಳ ಮೊದಲ ಭಾನುವಾರ, ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದ ದಿನ. ಹೆಂಗಸರ ಕಡೆಯ ಮುಂದಿನ ಬಾಕಿನಲ್ಲಿ ಯಾವಾಗಲೂ ಕೂರುವವಳು ರಾಹೇಲಜ್ಜಿ. ಎಂಬತ್ತರ ಹತ್ತಿರದ ಮುದುಕಿ, ಒಂದು ಕಿವಿ ಪೂರ್ತಿ ಮಂದ, ಇನ್ನೊಂದು ಅರ್ಧ. ತನಗೆ ಕೇಳುವುದಿಲ್ಲವೆಂದು ಜಗತ್ತಿಗೂ ಕೇಳುವುದಿಲ್ಲ ಎಂದುಕೊಂಡು ಗಟ್ಟಿಯಾಗಿ ಮಾತಾಡುತ್ತಾಳೆ. ನಾನು ಅವಳ ಪಕ್ಕದ ಬಾಕಿನ ತುದಿಯನ್ನು ಹಿಡಿದು ನಿಂತೆ. ಹೇಳಬೇಕಾದದ್ದು ಎರಡೇ ಮಾತು, ಸಿದ್ಧ ಮಾಡಿಕೊಂಡು ಬಂದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ನನ್ನ ಕಾಲ ಕಡೆ ನೋಡಿ ಕೇಳಿದಳು:

"ಖರೇನ ಗುಣ ಆತೇನ ಸುವರ್ಣಾ? ಕಾಲ ಯಾಕ ಹಿಂಗ ನಡಗಾಕತ್ತಾವ?"

ಸಭೆಯೆಲ್ಲ ಕೇಳಿಸಿಕೊಂಡಿತು. ನನ್ನ ಕಾಲು ನೋಡಿ ಆ ಪ್ರಶ್ನೆಯನ್ನು ಮೂರು ತಿಂಗಳಲ್ಲಿ ಯಾರೂ ಕೇಳಿರಲಿಲ್ಲ.

"ಇಲ್ಲಜ್ಜಿ" ಎಂದೆ.

ಅವಳಿಗೆ ಕೇಳಲಿಲ್ಲ. "ಏನಂದಿ?"

"ಗುಣ ಆಗಿಲ್ಲ. ಗುಳಿಗಿ ನುಂಗೂದ ಬಿಟ್ಟು ಹದಿನಾರ ದಿನ ಆತು. ಎಲ್ಲಾ ಮಗ್ಗದ ಕುಣಿಯಾಗ ಚೆಲ್ಲೀನಿ. ಪ್ರಾರ್ಥನಾನೂ ಬಿಟ್ಟೀನಿ. ದೇವರು ನನ್ನ ಮಾತ ಕೇಳಾಕತ್ತಿಲ್ಲ, ನನಗೂ ಹೇಳಿ ಹೇಳಿ ಸಾಕಾತು."

ಇದೇ ನನ್ನ ಸಾಕ್ಷಿ. ನಾನು ಪ್ರಭಾಕರನ ಕಡೆ ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ. ದಾನಪ್ಪ ಪಟ್ಟಿಯ ಹಾಳೆಯನ್ನು ಮಡಿಚಿ ಜೇಬಿಗೆ ಹಾಕಿಕೊಂಡ. ಯಾರಾದರೂ ಏನಾದರೂ ಅನ್ನುತ್ತಾರೆಂದು ಕಾದೆ. ಬೈದಿದ್ದರೂ ಚೆನ್ನಾಗಿತ್ತು. ಸಭಾಪಾಲಕರು "ಇದೂ ಪ್ರಾರ್ಥನೇನ" ಎಂದಷ್ಟೇ ಹೇಳಿ ಭೋಜನದ ಮೇಜಿನ ಕಡೆ ನಡೆದರು.

ನಮ್ಮಲ್ಲಿ ಪ್ರಭುಭೋಜನಕ್ಕೆ ಒಂದೇ ಬಟ್ಟಲು. ಸಾಲಾಗಿ ಹೋಗಿ ಒಬ್ಬರಾದ ಮೇಲೆ ಒಬ್ಬರು ಅದರಿಂದಲೇ ದ್ರಾಕ್ಷಾರಸ ಕುಡಿಯುತ್ತೇವೆ. ಪ್ರತಿಯೊಬ್ಬರ ನಂತರ ಅಂಚನ್ನು ಬಿಳಿ ಬಟ್ಟೆಯಿಂದ ಒರೆಸುತ್ತಾರೆ. ನಾನು ಸಾಲಿಗೆ ಹೋಗದೆ ಗೋಡೆಯ ಕಡೆ ಸರಿದೆ. ಚಹದ ಕಪ್ಪು ಬೇರೆಯಾದವಳು ಆ ಬಟ್ಟಲಿಗೆ ಬಾಯಿ ಹಚ್ಚಿದರೆ ನನ್ನ ಹಿಂದಿನವರ ಪಾಡೇನು? ಎಲ್ಲರದೂ ಆದ ಮೇಲೆ ಕೊನೆಗೆ ಹೋಗೋಣ, ಇಲ್ಲವೇ ಬಿಟ್ಟೇಬಿಡೋಣ ಎಂದುಕೊಂಡೆ. ರಾಹೇಲಜ್ಜಿ ಎದ್ದು, ಕೋಲೂರಿಕೊಂಡು ಬಂದು, ನನ್ನ ಮೊಣಕೈ ಹಿಡಿದಳು.

"ನಡಿ ಮುಂದ."

"ಬ್ಯಾಡಜ್ಜಿ. ನಾ ಕಡೀಕ ಹೋಗ್ತೀನಿ."

"ಕಡೀಕ ಯಾಕ? ನೀ ಮುಂದ ನಡಿ, ನಿನ್ನ ಹಿಂದ ನಾ ಅದೀನಿ."

ನಾನು ಕುಡಿದೆ. ಸಭಾಪಾಲಕರು ಒರೆಸಲು ಬಟ್ಟೆ ಎತ್ತಿದರು. ಅಜ್ಜಿ ಅವರ ಕೈಯನ್ನು ಪಕ್ಕಕ್ಕೆ ಸರಿಸಿ, ಒರೆಸುವ ಮೊದಲೇ ಬಟ್ಟಲನ್ನು ತನ್ನ ಬಾಯಿಗೆ ಎಳೆದುಕೊಂಡಳು. ನನಗೆ ಅಳು ತಡೆಯಲಾಗಲಿಲ್ಲ. ಮೂರು ತಿಂಗಳ ಅಳು, ಜಗ್ಗಿ ಬಂತು. ಅಜ್ಜಿ ನನ್ನನ್ನು ಬಾಕಿಗೆ ಒರಗಿಸಿ, ಬೆನ್ನು ಸವರದೆ (ಸವರಬಾರದೆಂದು ಅವಳಿಗೆ ಹೇಗೋ ಗೊತ್ತಿತ್ತು) ತಲೆ ಸವರಿದಳು.

"ಅಳು. ಶಿಲುಬಿಗೆ ಹೋಗೂ ಮುಂಚಿನ ರಾತ್ರಿ ಸ್ವಾಮಿನೂ ಅತ್ತಾನ ತೋಟದಾಗ, ಈ ಕಷ್ಟ ನನಗ ಬ್ಯಾಡ ಅಂತ. ಗೆಳ್ಯಾರು ಬಾಜೂಕ ನಿದ್ದಿ ಹೊಡೀತಿದ್ರು. ದೇವರ ಜೋಡಿ ಜಗಳಾಡವಾ, ಬೇಕಾದ್ರ ಬೈ. ಮಾತ ಮಾತ್ರ ಬಿಡಬ್ಯಾಡ. ಮಾತ ಬಿಟ್ರ ಮನಿ ಮುರೀತೈತಿ."

ಹುಟ್ಟಿದಾಗಿನಿಂದ ನಾನು ಸಭೆಯಲ್ಲಿ ಬೆಳೆದವಳು. ಪಾದ್ರಿಗಳ ಎಷ್ಟೋ ಪ್ರಸಂಗ, ಬೋಧನೆ ಕೇಳಿದ್ದೇನೆ. ನನ್ನ ವಿಶ್ವಾಸ ಬದುಕಿದ್ದು ಆ ಕಿವುಡಿಯ ಗದರಿಕೆಯಿಂದ. ನಂಬಿಕೆ ಎಂದರೆ ಗುಣವಾಯಿತೆಂದು ಹೇಳಿಕೊಳ್ಳುವುದು ಎಂದು ತಿಳಿದಿದ್ದೆ. ಆಗಿಲ್ಲ ಎಂದು ದೇವರ ಮುಂದೆಯೇ ಅಳಬಹುದು ಎಂಬುದು ಗೊತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಪ್ರಭಾಕರ ನೇರವಾಗಿ ನನ್ನ ಮಗ್ಗದ ಕುಣಿಗೆ ಇಳಿದರು. ಮೊಣಕಾಲೂರಿ, ದೂಳಿನಲ್ಲಿ ಕೈಯಾಡಿಸಿ, ಒಂದೊಂದೇ ಗುಳಿಗೆಯನ್ನು ಹೆಕ್ಕಿ ಬಲ ಅಂಗೈಯಲ್ಲಿ ತುಂಬಿಕೊಂಡು ಮೇಲೆ ಬಂದರು. ಒಂದು ಹಿಡಿಯಿತ್ತು. ಅದನ್ನು ನೋಡುತ್ತ ಕುಳಿತರು.

"ನಾ ದಿನಾ ನೇಯ್ತಿದ್ನಿ. ನೀ ಇಲ್ಲೇ ಬಾಜೂಕ ಇಷ್ಟ ಸಾಯಾಕತ್ತಿದ್ದಿ" ಎಂದರು. ಅವರ ಮೇಲೆ ನನಗೆ ಅಷ್ಟು ಮರುಕ ಎಂದೂ ಬಂದಿರಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರು ಬೈದದ್ದನ್ನು ಬರೆಯುವುದಿಲ್ಲ, ಬೈಗುಳ ನ್ಯಾಯವಾಗಿತ್ತು. ಕಾಲಿನ ಮಾತು ಈಗಲೇ ಹೇಳಲಾರೆ, ಮತ್ತೆ ಶುರುಮಾಡಿ ನೋಡೋಣ ಎಂದರು. ಅದರ ಮರುದಿನ ಬೆಳಿಗ್ಗೆ ಎಂಟಕ್ಕೆ ಬಾಗಿಲಲ್ಲಿ ಕೋಲಿನ ಸದ್ದಾಯಿತು. ರಾಹೇಲಜ್ಜಿ ಎರಡು ಓಣಿ ದಾಟಿ ಬಂದಿದ್ದಳು. ಸೆರಗಿನ ಗಂಟು ಬಿಚ್ಚಿ ಒಂದು ಗುಳಿಗೆ ತೆಗೆದಳು.

"ಇದು ನನ್ನ ಬಿ.ಪಿ. ಗುಳಿಗಿ. ನೀ ನುಂಗಿದ ಮ್ಯಾಲ ನಾ ನುಂಗಾಕಿ. ನೀ ತಪ್ಪಿಸಿದಿ ಅಂದ್ರ ನಂದೂ ತಪ್ಪತೈತಿ. ಆಮ್ಯಾಲ ನಾ ಸತ್ರ ನಿನ್ನ ತಲಿ ಮ್ಯಾಲ."

"ಇದೆಂಥಾ ಜುಲ್ಮಿ ಅಜ್ಜಿ?"

"ಜುಲ್ಮೀನ. ನುಂಗು."

ನುಂಗಿದೆ. ಮಳೆಯಿರಲಿ, ಬಿಸಿಲಿರಲಿ, ಎಂಟು ಗಂಟೆಗೆ ಕೋಲಿನ ಸದ್ದು ತಪ್ಪಲಿಲ್ಲ. ಹೊಟ್ಟೆ ತೊಳೆಸಿದ ದಿನ ನಾನು ದೇವರನ್ನು ಬೈಯುತ್ತಿದ್ದೆ, ಅಜ್ಜಿ "ಹೂಂ, ಹೇಳು ಹೇಳು" ಎನ್ನುತ್ತಿದ್ದಳು. ಅದೇ ನಮ್ಮ ಪ್ರಾರ್ಥನೆ. ಎಲ್ಲ ದಿನವೂ ಹಗುರಾಗಿರಲಿಲ್ಲ. ಎರಡು ತಿಂಗಳು ಎಡಪಾದ ಸತ್ತಂತೆಯೇ ಇತ್ತು, ದಿನವೂ ಅಜ್ಜಿ ಕೋಲಿನ ತುದಿಯಿಂದ ಹೆಬ್ಬೆರಳು ಒತ್ತಿ ಕೇಳುತ್ತಿದ್ದಳು. ಒಂದು ಬೆಳಿಗ್ಗೆ ನೋವಾಗಿ ಕಿರುಚಿದೆ. ಅಜ್ಜಿಗೆ ಅದು ಸರಿಯಾಗಿ ಕೇಳಿಸಿತು.

ಏಳನೆಯ ತಿಂಗಳು ಶೀಲಾ ಯಾರನ್ನೂ ಕೇಳದೆ ಶಿರಹಟ್ಟಿಯ ಬಸ್ಸು ಹತ್ತಿ ಬಂದು ಕೂಸನ್ನು ನನ್ನ ಹಲಗೆಯ ಮೇಲೆ ಮಲಗಿಸಿದಳು. "ಡಾಕ್ಟರಿಗೆ ನಾನ ಫೋನ್ ಮಾಡಿ ಕೇಳೇನಿ ಅವ್ವಾ. ಮೊದಲ ಕೇಳಬೇಕಿತ್ತು" ಎಂದು ಅತ್ತಳು. ಕೂಸು ನನ್ನ ಸೊಂಟಪಟ್ಟಿಯ ಬಕಲ್ಲನ್ನು ಬಾಯಿಗೆ ಹಾಕಿಕೊಳ್ಳಲು ನೋಡಿತು.

ಬೆನ್ನು ಸ್ವಲ್ಪ ಗೂನಾಗಿ ಉಳಿದಿದೆ. ಕುಣಿಮಗ್ಗಕ್ಕೆ ನಾನು ಇನ್ನು ಇಳಿಯುವಂತಿಲ್ಲ, ಎತ್ತರದ ಕುರ್ಚಿಯಲ್ಲಿ ಕುಳಿತು ಪ್ರಭಾಕರನಿಗೆ ನೂಲು ಸುತ್ತಿಕೊಡುತ್ತೇನೆ. ನನ್ನ ಮಗ್ಗವನ್ನು ನೋಡಿದರೆ ಈಗಲೂ ಸಂಕಟವಾಗುತ್ತದೆ. ಎಸ್ತೇರಕ್ಕ ಬಂದಾಗ ನನ್ನ ಕಪ್ಪಿನಲ್ಲೇ ಚಹ ಕೊಡುತ್ತೇನೆ, ಹೇಳುವುದಿಲ್ಲ.

ಹದಿನೆಂಟು ತಿಂಗಳು ತುಂಬಿದ ದಿನ ಕೊನೆಯ ಗುಳಿಗೆ ನುಂಗಿದೆ. ಸಂಜೆ ದಾನಪ್ಪ ಕನ್ನಡಕ ಹಾಕಿಕೊಂಡೇ ಬಂದು, "ಈಗರ ಸ್ತೋತ್ರದಾಗ ಬರೀಲೇನವಾ?" ಎಂದು ಕೇಳಿದ. ಬರೆ ಎಂದೆ. ಅಜ್ಜಿಗೆ ಕೊಡಲೆಂದು ಶೇಂಗಾ ಹೋಳಿಗೆ ಮಾಡಿ, ಮೆಲ್ಲಗೆ ನಡೆದು ಅವಳ ಮನೆಗೆ ಹೋದೆ. ಅಜ್ಜಿ ಮಲಗಿದ್ದಳು. ಸೊಸೆ ಹೋಳಿಗೆಯ ಡಬ್ಬಿ ತೆಗೆದುಕೊಂಡು ನನ್ನ ಕೈ ಹಿಡಿದಳು.

"ನಿಮ್ಮ ಉಪಕಾರ ಹೆಂಗ ತೀರಿಸಬೇಕ ತಿಳೀವಲ್ದು. ನಮ್ಮವರು ತೀರಿಕೊಂಡ ಮ್ಯಾಲ ಎರಡ ವರ್ಷ ನಮ್ಮತ್ತಿ ಗುಳಿಗಿ ಮುಟ್ಟಿರಲಿಲ್ಲ. ಮಗನ ಒಯ್ದ ದೇವರ ಜೋಡಿ ಮಾತಿಲ್ಲ ಅಂತ ಕುಂತಿದ್ರು. ಡಾಕ್ಟರು ಹೇಳಿದ್ರೂ ಇಲ್ಲ, ನಾ ಕಾಲ ಬಿದ್ರೂ ಇಲ್ಲ. ನಿಮ್ಮ ಮನಿಗೆ ಬರಾಕ ಹತ್ತಿದ ಮ್ಯಾಲ ಶುರು ಮಾಡಿದ್ರು ನೋಡ್ರಿ."

ಮನೆಗೆ ಮರಳುವ ದಾರಿಯುದ್ದಕ್ಕೂ ನನಗೆ ಬೇರೇನೂ ಯೋಚನೆ ಬರಲಿಲ್ಲ. ನಾಳೆಯಿಂದ ನನಗೆ ಗುಳಿಗೆ ಇಲ್ಲ. ಹಾಗಾದರೆ ಅವಳು?

ಮರುದಿನ ಎಂಟಕ್ಕೆ ಮುಂಚೆಯೇ ಎದ್ದು ಕುರ್ಚಿಯಲ್ಲಿ ಕುಳಿತೆ. ಎಂಟಾಯಿತು. ಹತ್ತು ನಿಮಿಷ ಮೀರಿತು. ಅಜ್ಜಿಯನ್ನು ಹುಡುಕಿಕೊಂಡು ನಾನೇ ಹೊರಡಬೇಕೆಂದು ಎದ್ದಾಗ ಬಾಗಿಲಲ್ಲಿ ಸದ್ದಾಯಿತು. ಅಜ್ಜಿ ಏದುಸಿರು ಬಿಡುತ್ತ ಬಂದು ಹಲಗೆಯ ಮೇಲೆ ಕುಳಿತು, ಸೆರಗಿನ ಗಂಟು ಬಿಚ್ಚಿದಳು.

"ಹಿಂಗ ಯಾಕ ನೋಡಾಕತ್ತಿ? ನಿಂದು ಮುಗೀತು, ನಂದು ಎಲ್ಲಿ ಮುಗದೈತಿ? ನೀರ ತಾ."

ನಾನು ನೀರು ತಂದು, ಅವಳು ನುಂಗುವವರೆಗೆ ಅಲ್ಲೇ ನಿಂತೆ.